ಹಸಿರು ಬೂಟಿಗೆ ಕಿತ್ತಳೆ ಕೊರಳು

ರೂಲನ್ ಹ್ಯಾಡ್‌ಫೀಲ್ಡ್ ಕಟ್ಟುಹಲ್ಲು ಮಾಡುವವನು. ಲೋಗನ್ ಊರಿನ ಮುದುಕ ಮುದುಕಿಯರಲ್ಲಿ ಅರ್ಧದಷ್ಟು ಜನ ಭಾನುವಾರ ಚರ್ಚಿನಲ್ಲಿ ಬಾಯಿ ತುಂಬ ಹಾಡುತ್ತಿದ್ದದ್ದು ಅವನ ಕೈಗುಣವನ್ನು ನಂಬಿಕೊಂಡು. ಕೈ ಇಷ್ಟು ನಯವಾಗಿದ್ದರೂ ಒಂದು ವಿಷಯದಲ್ಲಿ ಅವನ ನಾಲಿಗೆ ಬಹಳ ಒರಟು. ಯಾರಾದರೂ ಗಟ್ಟಿ ಪ್ಲಾಸ್ಟಿಕ್ಕಿನ ಸ್ಕೀ ಬೂಟಿನ ಮಾತೆತ್ತಿದರೆ ಸಾಕು, "ಕಾಲಿಗೆ ಬಕೆಟ್ ಸಿಗಿಸ್ಕೊಂಡು ಓಡಾಡೋರ ಸುದ್ದಿ ನನಗ್ಯಾಕಪ್ಪಾ" ಎಂದು ಮುಖ ತಿರುಗಿಸಿಬಿಡುತ್ತಿದ್ದ.

ಹದಿನಾರನೆಯ ವಯಸ್ಸಿಗೇ ಅವನು ಹಿಮದ ಮೇಲೆ ಜಾರುವ ಒಂಟಿ ಹಲಗೆ, ಅಂದರೆ ಸ್ನೋಬೋರ್ಡು, ಹತ್ತಿದವನು. ಆಗ ಊರಿನ ಸ್ಕೀ ಗುಡ್ಡದಲ್ಲಿ ಹಲಗೆಯವರನ್ನು ಒಳಗೆ ಬಿಡುತ್ತಿರಲಿಲ್ಲ. ಕಾಲುವೆಯ ಏರಿಯ ಮೇಲೆ, ಸ್ಮಶಾನದ ಹಿಂದಿನ ದಿನ್ನೆಯ ಮೇಲೆ ಬಿದ್ದೂ ಎದ್ದೂ ಕಲಿತಿದ್ದ. ಅಂದಿನಿಂದ ಐವತ್ತೆರಡು ತುಂಬುವವರೆಗೂ ಅವನ ಕಾಲಿಗೆ ಮೆತ್ತನೆಯ ಬೂಟೇ. "ಹಿಮದ ಜೊತೆ ಮಾತಾಡೋದು ಕಾಲಿನ ಹರಡು. ಅದರ ಬಾಯಿಗೆ ಬಟ್ಟೆ ತುರುಕಿದ್ರೆ ಇನ್ನೇನು ಉಳೀತು?" ಎನ್ನುವುದು ಅವನ ಸಿದ್ಧಾಂತ.

ಈ ಸಿದ್ಧಾಂತಕ್ಕೆ ಮನೆತನದಲ್ಲೇ ಒಬ್ಬಳು ಶತ್ರುವಿದ್ದಳು. ಅವನಿಗಿಂತ ಎಂಟು ವರ್ಷ ದೊಡ್ಡವಳಾದ ಅಕ್ಕ ನೆಡ್ರಾ. ಕಣಿವೆಯ ಮಕ್ಕಳನ್ನು ಸ್ಕೂಲಿಗೆ ಕರೆದೊಯ್ಯುವ ಹಳದಿ ಬಸ್ಸಿನ ಚಾಲಕಿ. ನಾಲ್ಕನೆಯ ವಯಸ್ಸಿನಿಂದ ಸ್ಕೀ ಕಟ್ಟಿಕೊಂಡವಳು. ಚಳಿಗಾಲದಲ್ಲಿ ಇಬ್ಬರೂ ಶನಿವಾರ ಬೆಟ್ಟ ಹತ್ತುತ್ತಿದ್ದರು. ಅವಳಿಗೆ ಸ್ಕೀ, ಅವನಿಗೆ ಸೀಳುಹಲಗೆ. ಉದ್ದಕ್ಕೆ ಎರಡು ಹೋಳಾಗುವ ಹಲಗೆ ಅದು. ಹತ್ತುವಾಗ ಎರಡು ಹೋಳನ್ನೂ ಕಾಲಿಗೊಂದರಂತೆ ಕಟ್ಟಿ, ಜಾರದಂತೆ ಅಡಿಗೆ ರೋಮದ ಪಟ್ಟಿ ಅಂಟಿಸಿ ನಡೆಯಬೇಕು. ತುದಿ ಮುಟ್ಟಿದ ಮೇಲೆ ಎರಡನ್ನೂ ಬೆಸೆದು ಒಂದು ಮಾಡಿ, ಅಡ್ಡಡ್ಡ ನಿಂತು ಜಾರಬೇಕು. ಬೆಸೆಯುವ ಆ ಐದು ನಿಮಿಷವೂ ನೆಡ್ರಾ ಪಕ್ಕದಲ್ಲಿ ನಿಂತು, "ಆಯ್ತೇನೋ ನಿನ್ನ ಪೀಠೋಪಕರಣ ಜೋಡಿಸಿದ್ದು?" ಎಂದು ಕೇಳುತ್ತಿದ್ದಳು.

ಆ ವರ್ಷ ಜನವರಿಯ ಕೊನೆಯ ಶನಿವಾರ ಇಬ್ಬರೂ ಕೆಟ್ಲ್ ಬೆಟ್ಟಕ್ಕೆ ಹೊರಟಿದ್ದರು. ಫರ್ ಮರಗಳ ಕಾಡು ಮುಗಿದ ಮೇಲೆ ಅಲ್ಲೊಂದು ಅಡ್ಡಹಾದಿಯಿದೆ. ಬೆಟ್ಟದ ಪಕ್ಕೆಯನ್ನು ಬಳಸಿಕೊಂಡು ಅರ್ಧ ಮೈಲಿ ಹೋಗಬೇಕು. ಹಿಂದಿನ ರಾತ್ರಿ ಗಾಳಿ ಬೀಸಿ ಹಿಮವೆಲ್ಲ ಸಕ್ಕರೆ ಅಚ್ಚಿನಂತೆ ಗಟ್ಟಿಯಾಗಿತ್ತು. ಅಂಥ ಕಡೆ ಹಲಗೆಯ ಅಂಚು ಹಿಮವನ್ನು ಕಚ್ಚಬೇಕು, ಅಂಚು ಕಚ್ಚಬೇಕಾದರೆ ಬೂಟು ಹರಡನ್ನು ನೆಟ್ಟಗೆ ಹಿಡಿದಿರಬೇಕು. ರೂಲನ್‌ನ ಮೆತ್ತನೆಯ ಬೂಟು ಹರಡಿನ ಜೊತೆ ತಾನೂ ಹೊರಕ್ಕೆ ಮಡಚಿಕೊಂಡಿತು. ಹಲಗೆ ಒಂದು ಕಡೆ, ಕಾಲು ಒಂದು ಕಡೆ. ಐವತ್ತಡಿ ಕೆಳಕ್ಕೆ ಕುಂಡೆಯ ಮೇಲೆ ಜಾರಿ ಎಳೆಯ ಫರ್ ಮರವೊಂದನ್ನು ತಬ್ಬಿಕೊಂಡ. ಮರದ ಮೇಲಿದ್ದ ಹಿಮವೆಲ್ಲ ತಲೆಯ ಮೇಲೆ ಸುರಿಯಿತು.

ನೆಡ್ರಾ ಅಡ್ಡಹಾದಿಯ ಆಚೆ ತುದಿಯಲ್ಲಿ ನಿಂತು ಕಿತ್ತಳೆ ಸುಲಿಯುತ್ತಿದ್ದಳು.

"ರೂಲನ್! ನೀನು ಮರ ಹಿಡ್ಕೊಂಡಿದೀಯೋ, ಮರ ನಿನ್ನ ಹಿಡ್ಕೊಂಡಿದೆಯೋ?"

"ಸುಮ್ನೆ ಹಣ್ಣು ತಿನ್ನು!"

ಅವಳು ಎರಡೇ ತಿರುವಿನಲ್ಲಿ ಕೆಳಗಿಳಿದು ಬಂದಳು. "ಪೆಟ್ಟಾಯ್ತಾ?"

"ಮರ್ಯಾದೆಗೆ."

"ಅದು ಹಳೇ ಗಾಯ ಬಿಡು, ಮತ್ತೆ ನೋವಾಗಲ್ಲ."

ಇನ್ನು ಮುಂದೆ ಹೋಗುವ ಹಾಗಿರಲಿಲ್ಲ. ಇಬ್ಬರೂ ಹಿಂದಿರುಗಲು ಸಜ್ಜಾದರು. ರೋಮದ ಪಟ್ಟಿಯನ್ನು ಸುತ್ತಿ ಜೇಬಿಗೆ ತುರುಕುತ್ತ, ನೆಡ್ರಾ ಅವನ ಮುಖ ನೋಡದೆಯೇ, "ಹನ್ನೊಂದು" ಎಂದಳು.

"ಏನು ಹನ್ನೊಂದು?"

"ಈ ಜಾಗದಿಂದ ನಾವು ವಾಪಸ್ ತಿರುಗ್ತಿರೋದು ಹನ್ನೊಂದನೇ ಸಲ."

ರೂಲನ್ ತಬ್ಬಿಬ್ಬಾದ. ಪ್ರತಿ ಸಲವೂ ಅವಳು ಒಂದೊಂದು ಕಾರಣ ಹೇಳಿದ್ದಳು. ಗಾಳಿ ಜೋರು, ಮೋಡ ಬಂತು, ಹಸಿವಾಯ್ತು, ಹಿಮದಲ್ಲಿ ಜಾರದಂತೆ ಬಸ್ಸಿನ ಚಕ್ರಕ್ಕೆ ಚೈನ್ ಕಟ್ಟಬೇಕು. ಅವನು ಅದನ್ನೆಲ್ಲ ನಂಬಿದ್ದ. ಅಕ್ಕನಿಗೆ ವಯಸ್ಸಾಯಿತು ಪಾಪ ಎಂದು ಒಳಗೊಳಗೇ ಮರುಗಿಯೂ ಇದ್ದ.

"ಮಾರ್ಚ್ ಹದಿನಾಲ್ಕಕ್ಕೆ ನನಗೆ ಅರವತ್ತು" ಎಂದಳು ನೆಡ್ರಾ. "ಆವತ್ತು ನಾನು ಕೆಟ್ಲ್ ತುದೀಲಿ ಇರ್ಬೇಕು. ನೀನು ಬಂದ್ರೆ ನಿನ್ನ ಜೊತೆ, ಬರ್ಲಿಲ್ಲ ಅಂದ್ರೆ ನನ್ನ ಪಾಡಿಗೆ ನಾನು." ಇಷ್ಟು ಹೇಳಿ ಅವಳು ಕೆಳಗೆ ಹೊರಟೇಹೋದಳು. ಅದರಲ್ಲಿ ಹಾಸ್ಯ ಒಂದು ಚೂರೂ ಇರಲಿಲ್ಲ. ಅದೇ ಅವನನ್ನು ಹೆಚ್ಚು ಚುಚ್ಚಿತು.

ಮುಂದಿನ ಶನಿವಾರ ರೂಲನ್ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಆಗ್ಡನ್ ಊರಿಗೆ ಹೋದ. ಲೋಗನ್‌ನಲ್ಲೂ ಬೂಟಿನ ಅಂಗಡಿಗಳಿದ್ದವು. ಆದರೆ ಅಲ್ಲಿ ಬೆಳಿಗ್ಗೆ ಗಟ್ಟಿ ಬೂಟು ಮುಟ್ಟಿದರೆ ಮಧ್ಯಾಹ್ನಕ್ಕೆ ಚರ್ಚಿನ ಬಳಗವೆಲ್ಲ ಅದನ್ನೇ ಮಾತಾಡುತ್ತಿತ್ತು. ಆಗ್ಡನ್‌ನಲ್ಲಿ ಒಂದು ನೆಲಮಾಳಿಗೆಯಲ್ಲಿ ಬಾಯ್ಡ್ ಎಂಬ ಎಪ್ಪತ್ತಮೂರರ ಮುದುಕ ಕಾಲಿಗೆ ತಕ್ಕ ಬೂಟು ಹೊಂದಿಸಿಕೊಡುತ್ತಾನೆಂದು ಕೇಳಿದ್ದ. ಮನುಷ್ಯರನ್ನು ಮೊಣಕಾಲಿನಿಂದ ಕೆಳಗೆ ಮಾತ್ರ ಪರಿಚಯ ಮಾಡಿಕೊಳ್ಳುವ ಜಾತಿಯವನು ಆತ. ಕನ್ನಡಕ ಹಣೆಯ ಮೇಲೆ, ಕಣ್ಣು ನೆಲದ ಮೇಲೆ.

"ಯಾರಿಗೆ ಬೂಟು?"

"ನನ್ನ ಸ್ನೇಹಿತನಿಗೆ" ಎಂದ ರೂಲನ್. "ಸೀಳುಹಲಗೆಗೆ ಹಾಕ್ಕೊಳ್ಳೋಕೆ. ಅವನ ಕಾಲೂ ನನ್ನ ಕಾಲೂ ಒಂದೇ ಅಳತೆ."

"ಒಳ್ಳೇ ಸ್ನೇಹ. ಸಾಕ್ಸ್ ಬಿಚ್ಚಿ."

ಬಾಯ್ಡ್ ಅಳೆದ. ಮತ್ತೆ ಅಳೆದ. "ಇಷ್ಟು ದಿನ ಎಷ್ಟು ಸೈಜು ಹಾಕ್ತಿದ್ರು ನಿಮ್ಮ ಸ್ನೇಹಿತರು?"

"ಹತ್ತೂವರೆ."

"ಈ ಕಾಲು ಒಂಬತ್ತು. ಮಿಕ್ಕ ಒಂದೂವರೆಯಲ್ಲಿ ಏನಿಟ್ಕೊಂಡಿದ್ರು, ಊಟದ ಡಬ್ಬೀನಾ?"

ಅವನು ಒಂದೊಂದೇ ಬೂಟು ತಂದು ಒಳಗಿನ ಮೆತ್ತನೆಯ ಒಳಬೂಟನ್ನು ಕಿತ್ತು ಪಕ್ಕಕ್ಕಿಟ್ಟ. ಬರಿಯ ಗಟ್ಟಿ ಚಿಪ್ಪಿನೊಳಗೆ ರೂಲನ್ ಬರಿಗಾಲು ಇಳಿಸಬೇಕು, ಬೆರಳ ತುದಿ ಮುಂದೆ ತಾಗುವಂತೆ ನಿಲ್ಲಬೇಕು. ಆಗ ಬಾಯ್ಡ್ ಹಿಮ್ಮಡಿಯ ಹಿಂದೆ ತನ್ನ ಬೆರಳು ತೂರಿಸಿ ನೋಡುವನು. "ಒಂದು ಬೆರಳು ಹಿಡಿದ್ರೆ ಬೂಟು. ಎರಡು ಬೆರಳು ಹಿಡಿದ್ರೆ ದೋಣಿ."

ಕೊನೆಗೆ ಮೂರು ಜೊತೆ ಉಳಿದವು. ಒಂದು ಕೆಂಪು, ನಾಲ್ಕು ಬಕಲ್ಲಿನದು, ಕಟ್ಟಿದರೆ ಕಾಲು ಕಲ್ಲುಕಂಬ. ಇನ್ನೊಂದು ಬಿಳಿ, ಮೊಟ್ಟೆಯ ಚಿಪ್ಪಿನಷ್ಟು ಹಗುರ. ಮೂರನೆಯದು ಕೆರೆಯ ಪಾಚಿಯ ಬಣ್ಣದ ಹಸಿರು. ಎರಡೇ ಬಕಲ್, ನೋಡಿದರೆ ಯಾರಿಗೂ ಆಸೆ ಹುಟ್ಟದು. ರೂಲನ್‌ನ ಕಣ್ಣು ಕೆಂಪಿನ ಮೇಲೆಯೇ ಇತ್ತು. ಇಷ್ಟು ವರ್ಷ ಬೈದ ಮೇಲೆ ಹಾಕಿಕೊಳ್ಳುವುದೇ ಆದರೆ ಚೆನ್ನಾಗಿರುವುದನ್ನೇ ಹಾಕಿಕೊಳ್ಳಬೇಕು ಎಂದು ಅವನ ಲೆಕ್ಕ.

"ಆ ಕೆಂಪು ಮದುವೆಮನೇಲಿ ನೋಡೋ ಗಂಡಿನ ಥರ. ನೋಡೋಕೆ ಚೆನ್ನ, ಬಾಳೋಕೆ ಕಷ್ಟ" ಎಂದ ಬಾಯ್ಡ್. "ಸ್ಕೀಯವರು ಮುಂದಕ್ಕೆ ಮಾತ್ರ ಬಾಗ್ತಾರೆ, ಅವರಿಗೆ ಗಟ್ಟಿ ಇದ್ದಷ್ಟೂ ಸೈ. ಹಲಗೆಯವರು ನೀವು ಅಡ್ಡ ನಿಂತ್ಕೋತೀರಿ. ಮಂಡಿ ಪಕ್ಕಕ್ಕೂ ಹೋಗ್ಬೇಕು. ಬಿಳೀದು ಓಟಗಾರರದ್ದು, ಕೊರಳು ತೀರಾ ಗಿಡ್ಡ, ಮೀನಖಂಡ ಕೊರೆದುಬಿಡತ್ತೆ. ಈ ಹಸಿರು ನೋಡಿ. ಹಿಂದಿನ ಚಿಲಕ ತೆಗೆದ್ರೆ ಹತ್ತುವಾಗ ಕಾಲು ಉಯ್ಯಾಲೆ ಥರ ಆಡತ್ತೆ. ಮುಂದಿನ ನಾಲಿಗೆ ಬೇಡಾಂದ್ರೆ ಕಿತ್ತು ಬಿಸಾಕಬಹುದು. ಕೊರಳನ್ನ ಬೇಕಾದಷ್ಟು ಕತ್ತರಿಸ್ಕೋಬಹುದು. ಹಾಗೇ ಹಾಕ್ಕೊಂಡ್ರೆ ನಿಮಗಿದು ಆಗಲ್ಲ. ತಿದ್ಕೋಬೇಕು. ಗಟ್ಟಿ ಬೂಟು ಹಾಕೋ ಹಲಗೆಯವರೆಲ್ಲ ತಿದ್ಕೊಂಡೇ ಹಾಕೋದು."

ತಿದ್ದುವ ಮಾತು ಕೇಳಿ ರೂಲನ್‌ನ ಕಿವಿ ನೆಟ್ಟಗಾಯಿತು. ಪ್ಲಾಸ್ಟಿಕ್ ಅರೆಯುವುದು, ಕೊರೆಯುವುದು, ಬಿಸಿ ಮಾಡಿ ಬಗ್ಗಿಸುವುದು ಅವನ ಮೂವತ್ತು ವರ್ಷದ ಅನ್ನ. ಅವನು ಹಸಿರನ್ನೇ ಒಪ್ಪಿದ.

ಒಳಬೂಟನ್ನು ಪುಟ್ಟ ಒಲೆಯಲ್ಲಿ ಬಿಸಿ ಮಾಡಿ, ಬ್ರೆಡ್ಡಿನಂತೆ ಉಬ್ಬಿದ ಮೇಲೆ ಅವನ ಕಾಲಿಗೆ ತೊಡಿಸಿ, ಆರುವವರೆಗೂ ಅಲುಗಾಡದೆ ನಿಲ್ಲಲು ಬಾಯ್ಡ್ ಅಪ್ಪಣೆ ಮಾಡಿದ. ಹಾಗೆ ನಿಂತಿದ್ದಾಗ ರಸೀದಿಗೆ ಹೆಸರು ಕೇಳಿದ.

"ಹ್ಯಾಡ್‌ಫೀಲ್ಡ್."

"ಲೋಗನ್‌ನ ಹ್ಯಾಡ್‌ಫೀಲ್ಡಾ? ನೆಡ್ರಾ ಏನಾಗ್ಬೇಕು?"

"ಅದು ಬೇರೆ ಹ್ಯಾಡ್‌ಫೀಲ್ಡು" ಎಂದುಬಿಟ್ಟ ರೂಲನ್. ಹೇಳಿದ ಮೇಲೆ ಕೆನ್ನೆ ಬಿಸಿಯಾಯಿತು.

ಬಾಯ್ಡ್ ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿದ. "ಹೌದಾ. ಎರಡನೇ ಬೆರಳು ಹೆಬ್ಬೆರಳಿಗಿಂತ ಉದ್ದ, ಹರಡಿನ ಗಂಟು ಹೊರಗೆ, ಅಂಗಾಲು ಬಾತುಕೋಳಿ ಪಾದದ ಥರ ಅಗಲ. ಈ ಕಾಲನ್ನ ನಾನು ಹೆಂಗಸೊಬ್ಬರ ಮೈಯಲ್ಲಿ ನೋಡಿದ್ದೆ. ಇರಲಿ, ಪ್ರಪಂಚ ದೊಡ್ಡದು."

ಮುಂದಿನ ಒಂದೆರಡು ಶನಿವಾರಗಳಲ್ಲಿ ಬೂಟು, ಅದನ್ನು ಹಲಗೆಗೆ ಬಿಗಿಯುವ ಹೊಸ ಕಟ್ಟು ಎಲ್ಲವೂ ರೂಲನ್‌ನ ಮನೆಯ ಹಿಂದಿನ ಕೆಲಸದ ಕೋಣೆಗೆ ಬಂದು, ಊರವರ ದವಡೆಗಳ ಅಚ್ಚುಗಳಿದ್ದ ಬೀರುವಿನಲ್ಲಿ ಅಡಗಿ ಕುಳಿತವು. ಸ್ಮಶಾನದ ಹಿಂದಿನ ದಿನ್ನೆಯಲ್ಲಿ ಮೊದಲ ಪರೀಕ್ಷೆ ನಡೆಯಿತು. ಹತ್ತುವಾಗ ಅವನಿಗೆ ನಾಚಿಕೆಯಾಗುವಷ್ಟು ಸುಖವಾಯಿತು. ಹೆಜ್ಜೆ ಹಗುರ, ಅಂಚು ಇಟ್ಟಲ್ಲಿ ಇಟ್ಟ ಹಾಗೆ. ಇಳಿಯುವಾಗ ಮಾತ್ರ ಮಂಡಿಯಿಂದ ಕೆಳಗೆ ಕೊಡಲಿಯ ಕಾವು ಕಟ್ಟಿಕೊಂಡಂತಾಗಿ, ಮೂರು ಸಲ ಮಕಾಡೆ ಬಿದ್ದ.

ಸರಿ, ತಿದ್ದುವ ಕೆಲಸಕ್ಕೆ ಕೂತ. ವಸಡಿಗೆ ಕಟ್ಟುಹಲ್ಲು ಎಲ್ಲಿ ಒತ್ತುತ್ತದೆಂದು ತಿಳಿಯಲು ಅವನು ಒಂದು ಬಿಳಿಯ ಲೇಪ ಬಳಸುತ್ತಿದ್ದ. ಅದನ್ನೇ ಹರಡಿನ ಗಂಟಿಗೆ ಬಳಿದು ಚಿಪ್ಪಿನೊಳಗೆ ಕಾಲಿಟ್ಟು ತೆಗೆದ. ಒತ್ತುವ ಜಾಗದಲ್ಲಿ ಬಿಳಿಯ ಮಚ್ಚೆ ಸ್ಪಷ್ಟವಾಗಿ ಬಿದ್ದಿತ್ತು. ಅಲ್ಲಿಗೆ ಬಿಸಿಗಾಳಿ ಹಿಡಿದು, ಮರದ ಗುಂಡು ಒತ್ತಿ, ಚಿಪ್ಪನ್ನು ಹೊರಕ್ಕೆ ಉಬ್ಬಿಸಿದ. ಮುಂದಿನ ನಾಲಿಗೆ ಕಿತ್ತ. ಹಿಂದಿನ ಚಿಲಕ ಹಾಕಿದರೆ ಕೊರಳು ಒಂದೇ ಕೋನಕ್ಕೆ ಬಿಗಿದು ನಿಲ್ಲುತ್ತಿತ್ತು. ಅದರ ಜಾಗದಲ್ಲಿ ಸ್ಪ್ರಿಂಗ್ ಇರುವ ಪುಟ್ಟ ಕಡ್ಡಿಯೊಂದನ್ನು ಮಾಡಿ ಕೂಡಿಸಿದ. ಈಗ ಚಿಲಕ ಹಾಕಿದರೂ ಕಾಲು ಹಿಂದಕ್ಕೆ ಮುಂದಕ್ಕೆ ತುಸು ಆಡುತ್ತಿತ್ತು. ಕೆಲಸ ಎಷ್ಟು ಚೆನ್ನಾಗಿ ಬಂತೆಂದರೆ ಅವನು ಸಿಳ್ಳೆ ಹಾಕತೊಡಗಿದ.

ಸಿಳ್ಳೆ ಕೇಳಿಯೇ ಹೆಂಡತಿ ಟಾಮ್ರಾ ಮಧ್ಯಾಹ್ನದ ಊಟದ ತಟ್ಟೆ ಹಿಡಿದು ಬಾಗಿಲು ತಳ್ಳಿದ್ದು. ಒಳಗೆ ಹೊಗೆ, ಸುಟ್ಟ ವಾಸನೆ, ಪ್ಯಾಂಟನ್ನು ಮಂಡಿಗೇರಿಸಿ ಒಂದು ಕಾಲಿಗೆ ಬಿಳಿ ಬಳಿದುಕೊಂಡ ಗಂಡ.

"ಇದೇನಾ ನಿನ್ನ ಗುಟ್ಟು?"

"ಯಾವ ಗುಟ್ಟು?"

"ಶನಿವಾರ ಶನಿವಾರ ಸ್ನಾನ ಮಾಡ್ಕೊಂಡು ಆಗ್ಡನ್‌ಗೆ ಹೋಗ್ತೀಯ, ಬಂದೋನೇ ಬಾಗಿಲು ಹಾಕ್ಕೋತೀಯ. ಅಲ್ಲಿ ಯಾರೋ ಇದಾಳೆ ಅಂದ್ಕೊಂಡಿದ್ದೆ ನಾನು."

"ಬಾಯ್ಡ್ ಅಂತ ಒಬ್ಬ ಇದಾನೆ. ಎಪ್ಪತ್ತಮೂರು ವರ್ಷ."

ಟಾಮ್ರಾ ತಟ್ಟೆ ಕೆಳಗಿಟ್ಟು ಬೂಟನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಯಾರಾದ್ರೂ ಹೆಂಗಸು ಇದ್ದಿದ್ರೆ ಇಷ್ಟು ನಾಚ್ಕೋತಿರ್ಲಿಲ್ಲ ನೀನು."

"ನೆಡ್ರಾಗೆ ಹೇಳ್ಬೇಡ."

"ನಾನ್ಯಾಕೆ ಹೇಳ್ಲಿ? ನೀನೇ ಹೇಳೋವಾಗ ಮುಖ ನೋಡ್ಬೇಕು ನನಗೆ" ಎಂದು ಅವಳು ಹೊರಟುಹೋದಳು.

ಎಡವಟ್ಟಾದದ್ದು ಕೊರಳಿನಲ್ಲಿ. ಮೀನಖಂಡವನ್ನು ಸುತ್ತುವ ಆ ಮೇಲ್ಭಾಗವನ್ನು ಹೊರಪಕ್ಕದಲ್ಲಿ ಸ್ವಲ್ಪ ಕತ್ತರಿಸಿದರೆ ಮಂಡಿ ಪಕ್ಕಕ್ಕೆ ಬಾಗುತ್ತದೆ ಎಂದು ಬಾಯ್ಡ್ ಹೇಳಿದ್ದ. ರೂಲನ್ ಎಡಬೂಟಿನಿಂದ ಶುರು ಮಾಡಿದ. ಸ್ವಲ್ಪ ಅರೆದ, ಹಾಕಿ ನೋಡಿದ, ಹಿತವಾಯಿತು. ಇನ್ನೊಂದು ಚೂರು ಅರೆದ, ಇನ್ನೂ ಹಿತವಾಯಿತು. ಕಟ್ಟುಹಲ್ಲಿನ ಕೆಲಸದಲ್ಲಿ ಅರೆದದ್ದು ಹೆಚ್ಚಾದರೆ ಮತ್ತೆ ಪುಡಿ ಕಲಸಿ ತುಂಬಬಹುದು. ಕೈಗೆ ಆ ಅಭ್ಯಾಸ. ಬೂಟಿನ ಪ್ಲಾಸ್ಟಿಕ್ ಹೋದರೆ ಹೋಯಿತು. ಮೂರನೆಯ ಸಲ ಅವನು ಅರೆದು ಅರೆದು ಕೊರಳನ್ನು ಹಿಡಿದಿದ್ದ ಮೊಳೆಯ ಹತ್ತಿರಕ್ಕೇ ಹೋಗಿದ್ದ. ಮರುದಿನ ದಿನ್ನೆಯ ಮೇಲೆ ಮೊದಲ ತಿರುವಿಗೆ ಬಾಗುತ್ತಲೇ ಟಪ್ ಎಂದಿತು. ಕೊರಳು ಸೀಳಿ ನಾಯಿಯ ಕಿವಿಯಂತೆ ಜೋತುಬಿತ್ತು.

ಫೆಬ್ರುವರಿ ಮುಗಿಯುತ್ತ ಬಂದಿತ್ತು. ಅವನು ಬಾಯ್ಡ್‌ಗೆ ಫೋನು ಮಾಡಿದ.

"ಆ ಬೂಟು ಮಾಡೋದು ನಿಲ್ಲಿಸಿದಾರೆ. ಕೊನೇ ಜೊತೆ ನಿಮ್ಮ ಸ್ನೇಹಿತರಿಗೇ ಕೊಟ್ಟಿದ್ದು" ಎಂದ ಬಾಯ್ಡ್. "ಕೊರಳು ಬಿಡಿಯಾಗಿ ಸಿಗಲ್ಲ."

"ಏನಾದ್ರೂ ದಾರಿ?"

"ಒಂದಿದೆ. ಅದೇ ಬೂಟು, ಕಿತ್ತಳೆ ಬಣ್ಣ. ಪಾದ ಸ್ವಲ್ಪ ಚಿಕ್ಕದು, ಕೊರಳು ಮಾತ್ರ ಇದೇ. ಒಬ್ಬರು ಹೆಂಗಸು ತಗೊಂಡು, ಒಂದೇ ದಿನ ಹಾಕಿ, ಮೆತ್ತಗಾಯ್ತು ಅಂತ ಮೂಲೆಗೆ ಬಿಸಾಕಿದ್ರು. ನಿಮ್ಮ ಊರೋರೇ. ಸ್ಕೂಲ್ ಬಸ್ ಓಡಿಸ್ತಾರೆ."

ರೂಲನ್ ಸೀಳಿದ ಕೊರಳನ್ನು ಬೆರಳಿನಿಂದ ಒತ್ತಿ ಕೂಡಿಸಲು ನೋಡಿದ. "ಅವರನ್ನ ಬಿಟ್ಟು ಬೇರೆ ಯಾರೂ ಇಲ್ವಾ?"

"ನನಗೆ ಬೇರೆ ಹ್ಯಾಡ್‌ಫೀಲ್ಡು ಗೊತ್ತಿಲ್ಲಪ್ಪ" ಎಂದು ಬಾಯ್ಡ್ ಫೋನು ಇಟ್ಟ.

ಶನಿವಾರ ಬೆಳಿಗ್ಗೆ ನೆಡ್ರಾ ಮನೆಯ ಅಂಗಳದಲ್ಲಿ ಹಿಮ ಕರಗಿಸಲು ರಸ್ತೆಗೆ ಎರಚುವ ಉಪ್ಪು ಬಸ್ಸಿಗೆ ಹಿಡಿದಿದ್ದನ್ನು ತೊಳೆಯುತ್ತಿದ್ದಳು. ರೂಲನ್ ಒಂದು ಕಾಗದದ ಚೀಲವನ್ನು ಎದೆಗೆ ಅವುಚಿಕೊಂಡು ಬಂದು ನಿಂತ.

"ಏನದು ಚೀಲದಲ್ಲಿ?"

"ಏನಿಲ್ಲ."

"ಏನಿಲ್ಲದ್ದನ್ನ ಎರಡೂ ಕೈಲಿ ಹಿಡ್ಕೊಂಡು ಬಂದಿದೀಯಲ್ಲ."

ಅವನು ಬೂಟನ್ನು ಹೊರಗೆ ತೆಗೆದ. ಸೀಳಿದ ಕೊರಳು ಗಾಳಿಗೆ ಅಲ್ಲಾಡಿತು. ನೆಡ್ರಾ ನೀರಿನ ಪೈಪು ಕೆಳಗಿಟ್ಟಳು. ಬೂಟನ್ನು ನೋಡಿದಳು, ತಮ್ಮನನ್ನು ನೋಡಿದಳು, ಮತ್ತೆ ಬೂಟನ್ನು ನೋಡಿದಳು.

"ಯಾರದ್ದು?"

"ಒಬ್ಬ ಸ್ನೇಹಿತ..."

"ರೂಲನ್."

"ನಂದೇ."

ಅವಳು ಬಸ್ಸಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಮೊದಲು ಸದ್ದಿರಲಿಲ್ಲ, ಭುಜ ಮಾತ್ರ ಕುಲುಕುತ್ತಿತ್ತು. ಆಮೇಲೆ ಸದ್ದೂ ಬಂತು. ಎದುರು ಮನೆಯ ನಾಯಿ ಬೊಗಳಿತು. ಪೈಪಿನ ನೀರು ಅಂಗಳವೆಲ್ಲ ಹರಿದು ಅವನ ಷೂ ತೋಯಿಸಿತು, ಅವನು ಅಲುಗದೆ ನಿಂತಿದ್ದ.

"ಮೂವತ್ತಾರು ವರ್ಷ ಕಣೋ! ನನ್ನ ಮದುವೇಲಿ ಮಾಡಿದ ಭಾಷಣದಲ್ಲೂ ಬಕೆಟ್ ಅಂದಿದ್ದೆ ನೀನು!"

"ಆಯ್ತು, ನಗು. ಪೂರ್ತಿ ನಕ್ಕುಬಿಡು."

"ಪೂರ್ತಿ ಯಾಕೆ? ಸ್ವಲ್ಪ ಈಸ್ಟರ್‌ಗೂ ಇಟ್ಕೋತೀನಿ." ಕಣ್ಣೊರೆಸಿಕೊಂಡು, "ಏನು ಬೇಕು ಬಾಯಿಬಿಟ್ಟು ಹೇಳು" ಎಂದಳು.

"ನಿನ್ನ ಕಿತ್ತಳೆ ಬಕೆಟ್ಟಿನ ಎಡಗಡೆ ಕೊರಳು ಬೇಕು."

"ಜೋರಾಗಿ."

"ನೆಡ್ರಾ, ದಯವಿಟ್ಟು ನಿನ್ನ ಬಕೆಟ್ ಕೊಡು!"

ಅವಳು ಗ್ಯಾರೇಜಿನ ಬಾಗಿಲು ಎತ್ತಿದಳು. ಹಳೆಯ ಟೈರು, ಜೇನಿನ ಚೌಕಟ್ಟುಗಳ ಹಿಂದಿನಿಂದ ಧೂಳು ಹಿಡಿದ ಕಿತ್ತಳೆ ಬೂಟು ಹೊರಬಂತು. ಮೊಳೆ ಕೊರೆದು ತೆಗೆದು ಅದರ ಕೊರಳನ್ನು ಹಸಿರು ಬೂಟಿಗೆ ಕೂಡಿಸಲು ಅರ್ಧ ಗಂಟೆ ಹಿಡಿಯಿತು. ಈ ಸಲ ಕತ್ತರಿಸುವ ಮೊದಲು ರೂಲನ್ ಬೂಟು ಹಾಕಿಕೊಂಡು ಅಡ್ಡಡ್ಡ ನಿಂತ, ಹಲಗೆಯ ಮೇಲೆ ನಿಲ್ಲುವ ಹಾಗೆ. ನೆಡ್ರಾ ನೆಲಕ್ಕೆ ಮಂಡಿಯೂರಿ, ಕೊರಳು ಎಲ್ಲಿ ತಡೆಯುತ್ತದೆಂದು ನೋಡಿ ಸೀಮೆಸುಣ್ಣದಲ್ಲಿ ಗೀಟು ಎಳೆದಳು. ಅವನು ಅರೆದ.

"ಸಾಕು."

"ಇನ್ನೊಂದು ಚೂರು..."

"ಸಾಕು ಅಂದೆ. ನಿನ್ನ ಕೈಲಿ ಹಲ್ಲು ಮಾಡಿಸ್ಕೊಂಡೋರು ಅನ್ನ ಹೇಗೆ ಅಗೀತಿದ್ದಾರೋ ದೇವರಿಗೇ ಗೊತ್ತು."

ಅವನು ಯಂತ್ರ ನಿಲ್ಲಿಸಿದ. ಹಾಕಿ ಬಾಗಿ ನೋಡಿದ. ಹದವಾಗಿತ್ತು. ಬೂಟು ಬಿಚ್ಚುತ್ತ, ಒಂದು ತಿಂಗಳಿಂದ ಗಂಟಲಲ್ಲಿದ್ದದ್ದನ್ನು ಕೇಳಿದ. "ಹನ್ನೊಂದು ಸಲ ನನಗೋಸ್ಕರ ವಾಪಸ್ ಬಂದೆಯಲ್ಲ, ಒಂದು ಸಲನಾದ್ರೂ ಯಾಕೆ ಹೇಳ್ಲಿಲ್ಲ?"

ನೆಡ್ರಾ ಪ್ಲಾಸ್ಟಿಕ್ಕಿನ ಪುಡಿಯನ್ನು ಗುಡಿಸುತ್ತಿದ್ದಳು. ಗುಡಿಸಿದಲ್ಲೇ ಮತ್ತೆ ಗುಡಿಸಿದಳು.

"ಮೂರು ಸಲ ನಿನಗೋಸ್ಕರ. ಮಿಕ್ಕಿದ್ದೆಲ್ಲ ನನಗೋಸ್ಕರ."

"ಅಂದ್ರೆ?"

"ಅಡ್ಡಹಾದಿ ಆದ್ಮೇಲೆ ಕತ್ತಿ ಅಂಚಿನ ಥರ ಒಂದು ಏಣು ಇದೆಯಲ್ಲ, ಎಡಗಡೆ ಹಿಮ ಸೂರಿನ ಥರ ಹೊರಗೆ ಚಾಚಿರತ್ತೆ. ನನಗೆ ಇಪ್ಪತ್ತೊಂಬತ್ತು ವರ್ಷ ಇದ್ದಾಗ ಒಬ್ಬಳೇ ಹೋಗಿದ್ದೆ. ನಡುವೆ ಕಾಲು ಮುಂದಕ್ಕೂ ಬರ್ಲಿಲ್ಲ, ಹಿಂದಕ್ಕೂ ಬರ್ಲಿಲ್ಲ. ಕೂತುಬಿಟ್ಟೆ. ತೆವಳಿಕೊಂಡು ವಾಪಸ್ ಬಂದೆ. ಯಾರಿಗೂ ಹೇಳಿಲ್ಲ. ಆಮೇಲೆ ನೀನು ನಿನ್ನ ಮೆತ್ತನೆ ಬೂಟು ಹಾಕ್ಕೊಂಡು ನನ್ನ ಜೊತೆ ಬರೋಕೆ ಶುರು ಮಾಡಿದೆ. ದೇವರೇ ಕಳಿಸಿಕೊಟ್ಟ ನೆಪ. ನೀನು ಬಿದ್ದಾಗೆಲ್ಲ ನಾನು ಬದುಕಿದೆ ಅಂದ್ಕೋತಿದ್ದೆ."

ಮೂವತ್ತಾರು ವರ್ಷ ಇವಳ ಬಾಯಿಗೆ ಸಿಕ್ಕಿ ಬೆಂದಿದ್ದ ರೂಲನ್‌ಗೆ ಹತ್ತು ಚಳಿಗಾಲಕ್ಕಾಗುವಷ್ಟು ಮದ್ದುಗುಂಡು ಒಂದೇ ಮಾತಿನಲ್ಲಿ ಸಿಕ್ಕಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಅಕ್ಕ ಗುಡಿಸುತ್ತಲೇ ಇದ್ದಳು, ಗುಡಿಸಲು ಅಲ್ಲಿ ಏನೂ ಉಳಿದಿರಲಿಲ್ಲ. ಅವನು ಬೂಟಿನೊಳಗೆ ಉಫ್ ಎಂದು ಊದಿ, "ಹದಿನಾಲ್ಕಕ್ಕೆ ಎಷ್ಟು ಗಂಟೆಗೆ ಹೊರಡೋದು?" ಎಂದಷ್ಟೇ ಕೇಳಿದ.

ಮಾರ್ಚ್ ಹದಿನಾಲ್ಕರಂದು ಆಕಾಶ ತೊಳೆದಿಟ್ಟಂತಿತ್ತು. ಹಿಮಕುಸಿತದ ವರದಿ ಅವತ್ತು ಚಿಂತೆಯಿಲ್ಲವೆಂದಿತ್ತು. ಆದರೂ ಇಬ್ಬರೂ ಎರಡೆರಡು ಕಡೆ ಹಿಮ ಅಗೆದು ಪದರ ಗಟ್ಟಿಯಿದೆಯೇ ಎಂದು ನೋಡಿಯೇ ಮುಂದೆ ಹೋದರು. ಹಸಿರು ಬೂಟು, ಕಿತ್ತಳೆ ಕೊರಳು. ದಾರಿಯಲ್ಲಿ ಎದುರಾದ ಸ್ಕೀಯವರೊಬ್ಬರು, "ಏನ್ರೀ ಇದು, ಗಜ್ಜರಿ ಗಿಡಾನಾ?" ಎಂದರು. ಅವರು ಮುಂದೆ ಹೋದ ಮೇಲೆ ನೆಡ್ರಾ, "ಭಾರೀ ಬುದ್ಧಿವಂತ ಅವನು, ಗಜ್ಜರಿ ಕೆಳಗಿರತ್ತೆ, ಸೊಪ್ಪು ಮೇಲಿರತ್ತೆ ಅನ್ನೋದೂ ಗೊತ್ತಿಲ್ಲ" ಎಂದು ತಮ್ಮನ ಪರ ವಹಿಸಿದಳು. ಹುಟ್ಟಿದಂದಿನಿಂದ ಅದು ಮೊದಲನೆಯ ಸಲವಿರಬೇಕು.

ಅಡ್ಡಹಾದಿ ಬಂತು. ಹಿಮ ಎಂದಿನಂತೆ ಗಟ್ಟಿ. ರೂಲನ್ ಉಸಿರು ಬಿಗಿಹಿಡಿದು ಮೊದಲ ಹೆಜ್ಜೆ ಇಟ್ಟ. ಅಂಚು ಕರಕ್ ಎಂದು ಕಚ್ಚಿತು. ಎರಡನೆಯದೂ ಕಚ್ಚಿತು. ಅರ್ಧ ದಾರಿಯಲ್ಲಿ ಅವನು ಉಸಿರು ಬಿಡುವುದನ್ನು ನೆನಪಿಸಿಕೊಂಡ. ಕೆಳಗೆ ಆ ಎಳೆಯ ಮರ ಕಂಡಿತು, ಅದರತ್ತ ತಿರುಗಿ ನೋಡಲಿಲ್ಲ.

ಏಣಿನ ಬುಡದಲ್ಲಿ ಸ್ಕೀಯನ್ನೂ ಹಲಗೆಯನ್ನೂ ಬೆನ್ನಿಗೆ ಕಟ್ಟಿಕೊಂಡರು. ಅಲ್ಲಿಂದ ಮೇಲೆ ಕಾಲಿನಲ್ಲೇ ಮೆಟ್ಟಿಲು ಒದ್ದುಕೊಂಡು ಹತ್ತಬೇಕು. ನೆಡ್ರಾ ನಾಲ್ಕು ಹೆಜ್ಜೆ ಹೋದಳು. ನಿಂತಳು. ಕೈಗವಸಿನಲ್ಲಿ ಕೋಲನ್ನು ಹಿಡಿದ ಹಿಡಿತ ಬಿಗಿಯಾಯಿತು.

"ರೂಲನ್" ಎಂದಳು.

ಅವನು ಅವಳನ್ನು ದಾಟಿ ಮುಂದೆ ಬಂದ, ಚಾಚಿದ ಸೂರಿನಿಂದ ಬಹಳ ಬಲಕ್ಕೆ ಸರಿದು. ಗಟ್ಟಿ ಬೂಟಿನ ಮೂತಿಯಿಂದ ಹಿಮಕ್ಕೆ ಒದ್ದ. ಹಳೆಯ ಬೂಟಾಗಿದ್ದರೆ ಬೆರಳು ನಜ್ಜಾಗುತ್ತಿತ್ತು. ಇದು ಗುದ್ದಲಿಯಂತೆ ಇಳಿಯಿತು. ಇನ್ನೊಂದು ಸಲ ಒದ್ದು ಮೆಟ್ಟಿಲನ್ನು ಅಗಲ ಮಾಡಿದ.

"ಘಾಟಿ ತಿರುವಲ್ಲಿ ಬಸ್ಸಿನ ಮಕ್ಕಳಿಗೆ ಏನು ಹೇಳ್ತೀಯ ನೀನು?"

"ಬಾಯಿ ಮುಚ್ಕೊಂಡು ಕೂತ್ಕೊಳ್ರೋ ಅಂತ."

"ನೀನು ಕೂರಬೇಡ. ಬಾಯಿ ಮಾತ್ರ ಮುಚ್ಚು. ಕೆಳಗೆ ನೋಡ್ಬೇಡ, ನನ್ನ ಕಿತ್ತಳೆ ನೋಡ್ಕೊಂಡು ಬಾ. ನಿಂದೇ ಅದು."

ಅವನು ಒದ್ದು ಮೆಟ್ಟಿಲು ಮಾಡುತ್ತ ಹೋದ. ಸ್ವಲ್ಪ ಹೊತ್ತು ಹಿಂದಿನಿಂದ ಸದ್ದೇ ಇರಲಿಲ್ಲ. ಅವನು ತಿರುಗಿ ನೋಡಲಿಲ್ಲ, ನೋಡಿದರೆ ಅವಳು ನಿಂತುಬಿಡಬಹುದೆಂದು ಹೆದರಿದ. ಆಮೇಲೆ ಹಿಮದಲ್ಲಿ ಹೆಜ್ಜೆ ಊರುವ ಸದ್ದು, ಅದರ ಬೆನ್ನಿಗೇ ದನಿ ಬಂತು.

"ಇದೇನು ಮೆಟ್ಟಿಲೋ ಏಣಿಯೋ? ಒಂದೊಂದಕ್ಕೂ ಮಂಡಿ ಗಲ್ಲಕ್ಕೆ ತಾಗ್ತಿದೆ."

ಬೈಗುಳ ಕೇಳಿ ರೂಲನ್‌ಗೆ ಜೀವ ಬಂದಂತಾಯಿತು. ತುದಿ ತಲುಪುವವರೆಗೂ ಅವಳು ಬೈಯುತ್ತಲೇ ಬಂದಳು. ಮೆಟ್ಟಿಲು ಓರೆ, ನೀನು ನಿಧಾನ, ನಿನ್ನ ಪ್ಯಾಂಟು ಹರಿದಿದೆ. ಕೊನೆಗೆ ತುದಿ ಬಂತು. ದೂರದಲ್ಲಿ ಬೇರ್ ಸರೋವರ ನೀಲಿಯಾಗಿ ಬಿದ್ದುಕೊಂಡಿತ್ತು. ನೆಡ್ರಾ ಬೆನ್ನು ತಿರುಗಿಸಿ ಬಹಳ ಹೊತ್ತು ಮೂಗು ಒರೆಸಿಕೊಂಡಳು. ರೂಲನ್ ಫ್ಲಾಸ್ಕಿನ ಬಿಸಿ ಚಾಕೊಲೇಟ್ ಬಗ್ಗಿಸಿ, ಅವಳು ಈ ಕಡೆ ತಿರುಗುವವರೆಗೂ ಲೋಟ ಹಿಡಿದುಕೊಂಡೇ ನಿಂತಿದ್ದ.

"ಹುಟ್ಟುಹಬ್ಬದ ಶುಭಾಶಯ."

"ಹ್ಞೂಂ. ಸಕ್ಕರೆ ಕಮ್ಮಿ ಆಯ್ತು."

ಅವನು ಹಲಗೆಯ ಎರಡು ಹೋಳನ್ನೂ ಬೆಸೆದ. ಬೂಟು ಸಿಕ್ಕಿಸಿದ. ಉತ್ತರದ ಬಟ್ಟಲಿನಂಥ ಇಳಿಜಾರು ಒಂದು ಗೆರೆಯೂ ಬೀಳದೆ ಕಾದಿತ್ತು. ಖುಷಿಯ ಭರದಲ್ಲಿ ಎಡಬೂಟಿನ ಚಿಲಕ ಹಾಕಿದವನು ಬಲಬೂಟಿನದನ್ನು ಮರೆತ. ಮೂರನೆಯ ತಿರುವಿಗೆ ಬಲಗಾಲು ಉಯ್ಯಾಲೆಯಾಗಿ, ತಲೆ ಮೊದಲಾಗಿ ಹಿಮದೊಳಗೆ ಹೂತುಹೋದ. ಮೇಲಿನಿಂದ ಬಂದ ನಗು ಬಟ್ಟಲಿನ ಗೋಡೆಗೆಲ್ಲ ತಾಗಿ ನಾಲ್ಕು ನೆಡ್ರಾಗಳು ನಕ್ಕಂತೆ ಕೇಳಿಸಿತು. ಅವನು ಕಿವಿಯ ಹಿಮ ತೆಗೆದು, ಚಿಲಕ ಹಾಕಿ, ಮತ್ತೆ ಹೊರಟ.

ಹಳೆಯ ಬೂಟಿನಲ್ಲಿ ಹಿಮ ಪಿಸುಗುಟ್ಟುತ್ತಿತ್ತು. ಇದರಲ್ಲಿ ಕಿವುಡರಿಗೆ ಹೇಳುವ ಹಾಗೆ ಜೋರಾಗಿ, ತುಸು ಒರಟಾಗಿ ಹೇಳುತ್ತಿತ್ತು. ಆದರೂ ಹೇಳುತ್ತಿತ್ತು. ಎಡಗಾಲಿಗೆ ಅದು ಚೆನ್ನಾಗಿ ಕೇಳಿಸಿತು. ಮತ್ತೆ ಸೀಳೀತೆಂದು ಹೆದರಿ ಕೊರಳು ಕತ್ತರಿಸದೆ ಬಿಟ್ಟಿದ್ದ ಬಲಬೂಟು ಕೊನೆಯವರೆಗೂ ಮುನಿಸಿಕೊಂಡೇ ಇತ್ತು. ಬುಡದಲ್ಲಿ ಅವನು ಕುಳಿತು ಬಲಗಾಲಿನ ಮೂಳೆ ಉಜ್ಜಿಕೊಳ್ಳುತ್ತಿದ್ದಾಗ ನೆಡ್ರಾ ಹಿಮ ಎರಚುತ್ತ ಬಂದು ನಿಂತಳು. ಮುಖ ಕೆಂಪಾಗಿತ್ತು, ವಯಸ್ಸು ಎಲ್ಲೋ ಮೇಲೇ ಉಳಿದಿತ್ತು.

"ಹೇಗಿತ್ತೋ?"

"ಎಡಗಾಲು ಹದವಾಗಿದೆ. ಬಲಗಾಲಿಗೆ ಇನ್ನೂ ಕೆಲಸ ಇದೆ."

ಅವಳು ಕೈಯನ್ನು ಹಣೆಗೆ ಅಡ್ಡ ಹಿಡಿದು ಇಳಿಜಾರನ್ನು ನೋಡಿದಳು. "ಬಿಸಿಲು ಈ ಕಡೆ ಬರೋಕೆ ಇನ್ನೂ ಹೊತ್ತಿದೆ. ಇನ್ನೊಂದು ಸಲ?"

ರೂಲನ್ ಹಲಗೆಯನ್ನು ಬಿಡಿಸಿ ರೋಮದ ಪಟ್ಟಿ ಅಂಟಿಸತೊಡಗಿದ.

"ಈ ಸಲ ಮೆಟ್ಟಿಲು ಹತ್ತಿರ ಹತ್ತಿರ ಹಾಕು. ಅರವತ್ತಾಗಿದೆ ನನಗೆ."

"ಬೆಳಿಗ್ಗೆ ಎಷ್ಟಾಗಿತ್ತು?"

"ಬೆಳಿಗ್ಗೆ ಇನ್ನೂ ಜಾಸ್ತಿ ಇತ್ತು ಕಣೋ. ನಡಿ ಮುಂದೆ."

ಅವನು ಮುಂದೆ ನಡೆದ. ಅವಳು ಅವನ ಜಾಡಿನಲ್ಲೇ ಹಿಂದೆ ಬಂದಳು.